ಪೈಪಿಗಿಟ್ಟ ಕಿವಿ

ರಜೆಗೆಂದು ಹಿಂದೂಪುರದ ಬಳಿಯ ತನ್ನೂರು ಪರಿಗಿಗೆ ಬಂದಿದ್ದ ರಾಮಾಂಜಿನೇಯ ಜಗಲಿಯಲ್ಲಿ ಕೂತಿದ್ದಾಗ, ಗುಜರಾತಿನಿಂದ ತಂಗಿಯ ಗಂಡ ಈಶ್ವರನ ಫೋನ್ ಬಂತು. ಕಲ್ಯಾಣದುರ್ಗದ ಈಶ್ವರನನ್ನು ತಾನು ದುಡಿಯುವ ಎಣ್ಣೆಬಾವಿಯ ಕೆಲಸಕ್ಕೆ ಸೇರಿಸಿದ್ದವನು ರಾಮಾಂಜಿನೇಯನೇ. ಅಲ್ಲಿನ ಕಚ್ಚಾ ಎಣ್ಣೆ ಡಾಂಬರಿನಷ್ಟು ಗಟ್ಟಿ. ಬಾಯ್ಲರಿನ ಹಬೆಯನ್ನು ಬಾವಿಯೊಳಕ್ಕೆ ಒತ್ತಿ ತುಂಬಿ, ಎಣ್ಣೆ ಕರಗಿದ ಮೇಲೇ ಎತ್ತಬೇಕು.

“ಬಾವ, ಎಷ್ಟು ಹಬೆ ಬಿಟ್ರೂ ಪ್ರೆಶರ್ ಏರ್ತಾನೇ ಇಲ್ಲ. ಇನ್ನೂ ಬಿಡು ಅಂತಾರೆ ಸಾರು. ಅದಿರ್ಲಿ, ಪಕ್ಕದಾಗೆ ಮುಚ್ಚಿರೋ ಹಳೇ ಬಾವಿ ಐತಲ್ಲ, ಅದರ ಪೈಪಿಗೆ ಕಿವಿ ಇಟ್ಟೆ. ಗುಳುಗುಳು ಅಂತೈತೆ! ನಮ್ಮ ಬೋರಿಗೆ ನೀರು ಬಂದಂಗೆ!”

ಹಿಂದೂಪುರದ ಕಡೆ ಬೋರಿನ ಪೈಪಿಗೆ ಕಿವಿ ಇಡದವರಿಲ್ಲ. ಆ ಸದ್ದು ಕೇಳಿದರೆ ತೆಂಗಿನಕಾಯಿ ಒಡೆದು ಕುಣಿಯುತ್ತಾರೆ. ರಾಮಾಂಜಿನೇಯ ಮಾತ್ರ ಜಗಲಿಯಿಂದ ದಡಕ್ಕನೆ ಎದ್ದ. ತುಂಬಿದ ಹಬೆಯೆಲ್ಲ ನೆಲದಡಿಯಲ್ಲೇ ನುಸುಳಿ, ಆ ತುಕ್ಕು ಹಿಡಿದ ಪೈಪಿನೊಳಗೆ ಬಂದು ಕೂತಿದೆ.

“ಪೈಪು ಬಿಸಿ ಐತೇನಪ್ಪಾ?”

“ಕಿವಿ ಚುರ್ ಅಂತು ಬಾವ!” ಈಶ್ವರ ನಕ್ಕ. “ಇಲ್ಲೇ ನಿಂತಿವ್ನಿ. ಕಾಯಿ ಒಡೆಯಾಕೆ ಎಲ್ರನ್ನೂ ಕರ್ದಿವ್ನಿ.”

“ಓಡಪ್ಪಾ! ಎಲ್ರನ್ನೂ ಕರ್ಕೊಂಡು ಓಡು!”

ಉತ್ತರದ ಬದಲು ಸುಯ್ಯೆಂಬ ಸದ್ದು ಕೇಳಿಸಿತು. ಅದು ಏರುತ್ತಾ ಏರುತ್ತಾ ಹೋಗಿ ತಟ್ಟನೆ ನಿಂತಿತು. ರಾಮಾಂಜಿನೇಯ ಫೋನನ್ನು ಕಿವಿಗೆ ಒತ್ತಿಕೊಂಡೇ ಇದ್ದ.

ತವರಿಗೆ ಬಂದಿದ್ದ ತಂಗಿ ಹರಿತಾ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು.

“ಅವ್ರೇನಾ ಅಣ್ಣಾ? ಕೊಡಿಲ್ಲಿ, ನಾನೂ ವಸಿ ಮಾತಾಡ್ತೀನಿ.”