ಮಾರೆಮ್ಮನ ಚೀಟಿಗಳು

ಹರಪನಹಳ್ಳಿ ಬಸ್‌ಸ್ಟ್ಯಾಂಡಿನ ಹಿಂದಿನ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ನೂರ್ ಅಹಮದನಿಗೆ ಪಾಲಾಕ್ಷಪ್ಪ ಮೇಷ್ಟ್ರೆಂದರೆ ಮೊದಮೊದಲು ಎಂಥ ಗೌರವ ಅಂತೀರಿ! ರಿಟೈರಾದ ಪಂಡಿತರು, ಈ ಸೀಮೆಯ ಕಸುಬುಗಳ ಮಾತನ್ನೆಲ್ಲ ಕೂಡಿಸಿ ನಿಘಂಟು ಮಾಡಲು ಹೊರಟವರು. ೧೯೭೮ರ ಮಳೆಗಾಲದಲ್ಲಿ ಅದರ ಮುನ್ನುಡಿಯನ್ನು ನೂರ್ ಅಹಮದನೇ ಜೋಡಿಸಿದ. ಐರ್ಲೆಂಡ್ ಎಂಬ ದೇಶವಂತೆ. ಇಂಗ್ಲಿಷರ ಆಳ್ವಿಕೆಯಲ್ಲಿ ಅಲ್ಲಿಯ ನುಡಿ ಸೊರಗಿತಂತೆ. ದೇಶ ಬಿಟ್ಟು ಹೋದ ಸನ್ಯಾಸಿಗಳು ಪರನಾಡಿನಲ್ಲಿ ಕೂತು ಅದಕ್ಕೆ ವ್ಯಾಕರಣ, ನಿಘಂಟು ಬರೆದರಂತೆ. ಆಮೇಲಿನವರು ಮೀನುಗಾರರ ಗುಡಿಸಲು ಹೊಕ್ಕು, ಅವರ ಒಲೆ ಮುಂದೆ ಕೂತು, ಕೊಟ್ಟಿದ್ದನ್ನು ಉಂಡು ಮಾತು ಬರೆದುಕೊಂಡರಂತೆ. ಒಂದು ನಿಘಂಟಿನ ಅಚ್ಚಿನ ಫಲಕಗಳು ದಂಗೆಯ ಬೆಂಕಿಗೆ ಬಲಿಯಾದರೆ, ಮತ್ತೆ ಕೂತು ಮೊದಲಿಗಿಂತ ದೊಡ್ಡದು ಮಾಡಿದರಂತೆ. ಜೋಡಿಸುತ್ತಾ ಜೋಡಿಸುತ್ತಾ ನೂರ್ ಅಹಮದನ ಕಣ್ಣು ತುಂಬಿತ್ತು.

ಆಮೇಲೆ ಚೀಟಿಗಳ ಕಟ್ಟು ಬಂತು. ತೊಗಲಿನ ಕಸುಬಿನ ಮಾತುಗಳು, ಮುನ್ನೂರು. ಕಾನಹೊಸಹಳ್ಳಿಯ ಮಾರೆಮ್ಮ ಹೇಳಿದ್ದು. ಪ್ರೈಮರಿ ಶಾಲೆ ಮಾಸ್ತರನಾದ ಅವಳ ಮಗ ಗಾದಿಲಿಂಗಪ್ಪ ಮನೆಯಲ್ಲಿ ಕೂತು ಮಸಿ ಪೆನ್ನಿನಲ್ಲಿ ಬರೆದುಕೊಟ್ಟಿದ್ದು. ಮುದುಕಿಗೆ ದಮ್ಮು. ಅವಳು ಕಣ್ಣು ಮುಚ್ಚುವುದರೊಳಗೆ ಅವಳ ಮಾತನ್ನು ಅಚ್ಚಿನಲ್ಲಿ ತೋರಿಸಬೇಕೆಂದು ಗಾದಿಲಿಂಗಪ್ಪ ಎರಡು ಸಲ ಪ್ರೆಸ್ಸಿಗೆ ಬಂದು ಕೈ ಮುಗಿದು ಹೋಗಿದ್ದ.

ಉಂಗುಟ, ಮಿಣಿ, ಅಟ್ಟೆ ಎಂದು ಚಪ್ಪಲಿ, ತೊಗಲುಹಗ್ಗಗಳ ಮಾತಿನಲ್ಲೇ ಹನ್ನೊಂದು ಪುಟ ಸಾಗಿತು. ಮುಂದಿನ ಚೀಟಿಗಳು ಹಳದಿ ಕಲೆ ಬಿದ್ದು, ಮಸಿ ಹರಿದು, ನಾರುತ್ತಿದ್ದವು.

“ಮೇಷ್ಟ್ರೆ, ಇವು ಯಾಕ ಹಿಂಗ ತೋಯ್ದಾವ್ರಿ?”

“ಗೋಮೂತ್ರ ಕಣೋ. ಆ ಕೇರಿಯಿಂದ ಬಂದದ್ದು, ಹಂಗ ಒಳಗ ತಗೊಳ್ಳಾಕ ಆಗ್ತೈತೇನು? ಚಿಮುಕಿಸಿ ತಗೊಂಡೀನಿ. ಓದಾಕ ಬರದಿದ್ದು ಬಿಟ್ಟುಬಿಡು.”

ಎಷ್ಟು ಸಲೀಸಾಗಿ ಅಂದರು ಮಹಾರಾಯರು! ಹೇಳೋದು ಆಚಾರ, ತಿನ್ನೋದು ಬದನೇಕಾಯಿ. ಒಲೆ ಮುಂದೆ ಕೂತು ಉಂಡವರ ಕತೆ ಬರೆದ ಕೈಯೇ ಇದನ್ನೂ ಚಿಮುಕಿಸಿದೆಯೆಂದು ನೆನೆದು, ನೂರ್ ಅಹಮದ್ ಮಧ್ಯಾಹ್ನದ ರೊಟ್ಟಿಯನ್ನು ಹಾಗೇ ಕಟ್ಟಿಟ್ಟ. ಅಂಥ ಮುನ್ನುಡಿಗೆ ಕಣ್ಣೀರು ಹಾಕಿದ ತನ್ನ ಮೇಲೂ ಅವನಿಗೆ ಹೇಸಿಗೆಯಾಯಿತು.

ಶುಕ್ರವಾರ ಪ್ರೆಸ್ಸಿಗೆ ರಜೆ. ಅಳಿಸಿದ ಮಾತುಗಳನ್ನು ಮತ್ತೆ ಕೇಳಿ ಬರೆದುಕೊಳ್ಳೋಣವೆಂದು ಇಡೀ ಕಟ್ಟು ಹಿಡಿದುಕೊಂಡು ಕಾನಹೊಸಹಳ್ಳಿಗೆ ಹೋದ. ಮಗ ಶಾಲೆಯಲ್ಲಿದ್ದ. ಮಾರೆಮ್ಮ ಚಾಪೆ ಹಾಸಿ ಚಹಾ ಕೊಟ್ಟಳು. ಚೀಟಿಗಳು ಮಳೆಗೆ ತೋಯ್ದವೆಂದು ಸುಳ್ಳು ಹೇಳಬೇಕೆಂದಿದ್ದ. ಅಷ್ಟರಲ್ಲಿ ಅವಳು ಒಂದನ್ನು ಮೂಗಿಗೆ ಹಿಡಿದಳು. ಹುಟ್ಟಿದಾಗಿನಿಂದ ತೊಗಲು ಹದ ಮಾಡಿದವಳ ಹತ್ತಿರ ಯಾವ ವಾಸನೆ ಮುಚ್ಚಿಡುತ್ತೀರಿ?

“ಚೀಟಿ ಕಟ್ಟಿ ಕೊಡೋಕಿಂತ ಮೊದಲು ನಾನು ಸೀಗಿಕಾಯಿ ಹಚ್ಚಿ ಕೈ ತೊಳಕಂತಿದ್ದೆ, ಸಾಬ್ರೆ. ಮೇಷ್ಟ್ರಿಗೆ ತೊಗಲಿನ ವಾಸನಿ ಹತ್ತಬಾರದು ಅಂತ.”

ನೂರ್ ಅಹಮದ್ ತಲೆ ತಗ್ಗಿಸಿದ. “ತಪ್ಪಾತು ಯವ್ವಾ. ಅಳಿಸಿದ್ದಷ್ಟು ಇನ್ನೊಂದು ಸರ್ತಿ ಹೇಳು. ನಿನ್ನ ಮಗನ ಆಸಿ ಐತಿ.”

“ಹೇಳಂಗಿಲ್ಲ. ಜೋಡಿಸಿದ್ದೂ ತಗದುಬಿಡ್ರಿ. ನನ್ನ ಮಾತು ಆ ಮನಿ ಕಪಾಟಿನಾಗ ಇರೋದು ಬ್ಯಾಡ. ಮಗಗ ನಾನ ಹೇಳ್ತೀನಿ.”

ಹೀಗಂದವಳು ಇಡೀ ಕಟ್ಟನ್ನು ಒಲೆಗೆ ತುರುಕಿದಳು. ನೂರ್ ಅಹಮದ್ ತಡೆಯಲಿಲ್ಲ. ಹೊಗೆಗೆ ಅವಳು ಬಹಳ ಹೊತ್ತು ಕೆಮ್ಮಿದಳು.

ಮರುದಿನ ಮೇಷ್ಟ್ರು ಪ್ರೆಸ್ಸಿಗೆ ಬಂದಾಗ ನೂರ್ ಅಹಮದ್ ಹನ್ನೊಂದು ಪುಟವನ್ನೂ ಬಿಚ್ಚಿ, ಒಂದೊಂದೇ ಮೊಳೆಯನ್ನು ಅದರದರ ಖಾನೆಗೆ ಹಾಕುತ್ತಿದ್ದ.

“ಲೇ, ಏನು ಮಾಡಾಕ ಹತ್ತೀಯೋ? ನನ್ನ ಎರಡು ವರ್ಷದ ದುಡಿಮಿ! ಚೀಟಿ ಎಲ್ಲಿ?”

“ಆಕಿ ಒಲಿಗೆ ಹಾಕ್ಯಾಳ್ರಿ.”

ಮೇಷ್ಟ್ರು ಸ್ಟೂಲಿನ ಮೇಲೆ ಕುಸಿದರು. “ಇನ್ನ ಆ ಮಾತು ಯಾರ್ನ ಕೇಳ್ಲೋ?”

“ಆಕಿ ಇನ್ನಾ ಅದಾಳ್ರಿ. ಮನಿ ಒಳಗ ಹೋಗಿ, ಕೂತು, ತಪ್ಪಾತು ಅಂದು ಕೇಳ್ರಿ.”

ಮೇಷ್ಟ್ರು ಹೋಗಲಿಲ್ಲ. ಕಾರ್ತೀಕದಲ್ಲಿ ಮಾರೆಮ್ಮ ತೀರಿಕೊಂಡಳು.