ಹಡಗಿನ ಗಡಿಯಾರದಲ್ಲಿ ಸಂಜೆ ಏಳು

ಪೆಟ್ಟು ಬೀಳುವುದಕ್ಕೆ ಮೊದಲೇ ಪಟ್ಟಿ ಕಟ್ಟುವ ಡಾಕ್ಟರು ಲೋಕದಲ್ಲಿ ಎಲ್ಲಾದರೂ ಇದ್ದಾರೆಯೇ? ಆ ಹಡಗು ಕಂಪನಿಯ ಕಂಪ್ಯೂಟರಿನಲ್ಲಿ ಇದ್ದರು. ಹಡಗಿನ ಅಡುಗೆಯವನು ಕೈ ಸುಟ್ಟುಕೊಂಡದ್ದು ಸಂಜೆ ಐದಕ್ಕಂತೆ, ದಡದಲ್ಲಿ ಕೂತೇ ಮದ್ದು ಹೇಳುವ ಡಾಕ್ಟರು ಮುಲಾಮು ಬರೆದುಕೊಟ್ಟದ್ದು ಅದೇ ದಿನ ಮಧ್ಯಾಹ್ನ ಹನ್ನೆರಡಕ್ಕಂತೆ! ದೂರು ಬಂದಾಗ ಆಫೀಸಿನವರೆಲ್ಲ ಬಿದ್ದು ಬಿದ್ದು ನಕ್ಕರು. ಡೇಟಾಬೇಸ್ ನೋಡಿಕೊಳ್ಳುವವಳು ಮಾತ್ರ ನಗಲಿಲ್ಲ. ಅವಳನ್ನು ಅಲ್ಲಿ ಎಲ್ಲರೂ ಅಕ್ಕ ಎನ್ನುತ್ತಿದ್ದರು. ನಿಜವಾಗಿ ಹಾಗೆ ಕರೆಯಬೇಕಾಗಿದ್ದ ತಮ್ಮ ತೀರಿಹೋಗಿ ವರ್ಷ ತುಂಬಿರಲಿಲ್ಲ.

ತಪ್ಪು ಎಲ್ಲಿದೆ ಎಂದು ಅವಳಿಗೆ ಬೇಗನೆ ಗೊತ್ತಾಯಿತು. ಡಾಕ್ಟರ ಚೀಟಿಗೆ ಕಂಪ್ಯೂಟರೇ ಗಂಟೆ ಹಾಕುತ್ತದೆ, ಅದು ಯಾವ ಊರಿನ ಗಂಟೆ ಎನ್ನುವುದೂ ಅದಕ್ಕೆ ಗೊತ್ತು. ಅಪಘಾತದ ಗಂಟೆಯನ್ನಾದರೋ ಹಡಗಿನ ಅಧಿಕಾರಿ ಗೋಡೆ ಗಡಿಯಾರ ನೋಡಿ ಕೈಯಾರೆ ತುಂಬುತ್ತಾನೆ. ಹಡಗು ಪೂರ್ವಕ್ಕೆ ಹೋದ ಹಾಗೆ ಆ ಗಡಿಯಾರವನ್ನು ಮುಂದಕ್ಕೆ ತಿರುಗಿಸುತ್ತಾರೆ. ಮನೆಯಲ್ಲಿ ಮಧ್ಯಾಹ್ನ ಒಂದಾದರೆ ಅಲ್ಲಿ ಆಗಲೇ ಸಂಜೆ ಏಳು. ಡೇಟಾಬೇಸಿಗೆ ಸೇರಿದ್ದು ಬರೀ 'ಏಳು', ಎಲ್ಲಿಯ ಏಳು ಎಂಬುದಿಲ್ಲ. ದಾಖಲೆ ಹುಡುಕಿ ತೆಗೆಯುವ ಆಜ್ಞೆ, ಅಂದರೆ ಕ್ವೆರಿ, ಅದನ್ನು ಮನೆಯ ಏಳು ಎಂದೇ ನಂಬಿ ತೋರಿಸುತ್ತಿತ್ತು. ಇದನ್ನು ಕಟ್ಟಿದ ಪುಣ್ಯಾತ್ಮ ಜನ್ಮದಲ್ಲಿ ಸಮುದ್ರ ಕಂಡವನಲ್ಲ, ಬಿಡಿ.

ಆಯಾ ದಿನ ಆಯಾ ಹಡಗು ಎಷ್ಟು ಗಂಟೆ ಮುಂದಿತ್ತೋ ಅಷ್ಟನ್ನು ಕಳೆದು ಹಳೆಯ ಅಪಘಾತಗಳನ್ನೆಲ್ಲ ಸರಿಪಡಿಸುವ ಕ್ವೆರಿಯನ್ನು ಬರೆದಳು. ಮೊದಲು ದಾಖಲೆಗಳ ಒಂದು ನಕಲಿನ ಮೇಲೆ ಓಡಿಸಿ ನೋಡಿದಳು. ಬದಲಾದ ಸಾಲುಗಳಲ್ಲಿ ತಮ್ಮನ ಸಾಲೂ ಇತ್ತು. ಅದು ಇದ್ದೇ ಇರುತ್ತದೆಂದು ಬೆಳಿಗ್ಗೆಯಿಂದ ಗೊತ್ತಿತ್ತು. ಆದರೂ ಹೆಸರನ್ನು ಎರಡು ಸಲ ಓದಿದಳು.

ತಮ್ಮ ಇಂಜಿನ್ ಕೋಣೆಯ ಮೆಕ್ಯಾನಿಕ್. ಅಪ್ಪನ ಕಣ್ಣಿನ ಆಪರೇಷನ್ನಿಗೆ ಬರುತ್ತೇನೆಂದು ಮಾತು ಕೊಟ್ಟು, ಕೊನೆಗೆ ಇನ್ನೊಂದು ಸುತ್ತು ಹಡಗಿನಲ್ಲೇ ಉಳಿದ. ಅಪ್ಪನ ಸಿಟ್ಟು ಗೊತ್ತಲ್ಲ, ಮೂಗಿನ ತುದಿಯಲ್ಲೇ ಇರುತ್ತದೆ. "ನನ್ನ ಪಾಲಿಗೆ ನೀನು ಸತ್ತೆ. ಈ ಕಡೆ ತಲೆ ಹಾಕಬೇಡ" ಎಂದು ಮೆಸೇಜು ಕಳಿಸಿಬಿಟ್ಟರು. ರಾತ್ರಿಯೆಲ್ಲ ಹೊರಳಾಡಿ, ಮರುದಿನ ಇನ್ನೊಂದು ಕಳಿಸಿದರು: "ಬಾಯಿ ತಪ್ಪಿ ಅಂದೆ ಮಗಾ. ಯಾವಾಗ ಬಂದ್ರೂ ಇದು ನಿನ್ನ ಮನೆ." ಅದೇ ದಿನ ಇಂಜಿನ್ ಕೋಣೆಯಲ್ಲಿ ಪೈಪು ಒಡೆದು ತಮ್ಮ ಹೋದ.

ಸಿಬ್ಬಂದಿಯ ಮನೆಯವರಿಗೆಂದು ಕಂಪನಿ ಕೊಟ್ಟ ಪುಟದಲ್ಲಿ, ಅಪ್ಪ ಅದರಿಂದಲೇ ಕಳಿಸಿದ ಮೆಸೇಜುಗಳೂ ಸೇರಿ, ಎಲ್ಲ ಇತ್ತು. ಎರಡನೇ ಮೆಸೇಜು ತೆರೆದದ್ದು ಮಧ್ಯಾಹ್ನ ಮೂರಕ್ಕೆ, ಅಪಘಾತ ಸಂಜೆ ಏಳಕ್ಕೆ. ಅಪ್ಪ ದಿನಾ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡು ಅದನ್ನೇ ನೋಡುತ್ತಿದ್ದರು. "ಓದಿದಾನೆ, ಓದಿದಾನೆ" ಎಂದು ತಮ್ಮಷ್ಟಕ್ಕೆ ಗೊಣಗುತ್ತಿದ್ದರು. ಮುದುಕರಿಗೆ ಅದೊಂದಾದರೂ ಸಮಾಧಾನ ಉಳಿಯಿತಲ್ಲ ಎಂದುಕೊಂಡಿದ್ದಳು ಅವಳು.

ಈಗ ಪರದೆಯ ಮೇಲೆ ಅಪಘಾತ ಮಧ್ಯಾಹ್ನ ಒಂದಕ್ಕೆ ಬಂದು ಕೂತಿತ್ತು. ಮೆಸೇಜು ತೆರೆದದ್ದು ಮೂರಕ್ಕೇ; ಆ ಗಂಟೆ ಕಂಪ್ಯೂಟರೇ ಹಾಕಿದ್ದು, ಮನೆಯ ಗಂಟೆ. ತೆರೆದವರು ಯಾರು ಎನ್ನುವುದೂ ಹೊಳೆಯಿತು. "ಮನೆ ನಂಬರಿಗೋಸ್ಕರ ಅವನ ಅಕೌಂಟ್ ತೆಗೆದು ನೋಡಿದ್ವಮ್ಮ" ಎಂದು ಕ್ಯಾಪ್ಟನ್ ಅಂದು ಫೋನಿನಲ್ಲಿ ಹೇಳಿದ್ದರು.

ಅವಳು ಕ್ವೆರಿಗೆ ಇನ್ನೊಂದು ಗೆರೆ ಸೇರಿಸಿದಳು. ಈ ಒಂದು ಸಾಲನ್ನು ಬಿಟ್ಟು ಉಳಿದದ್ದೆಲ್ಲ.

ಅಲ್ಲಿಯ ಪದ್ಧತಿಯೆಂದರೆ, ಹಳೆಯ ದಾಖಲೆ ಮುಟ್ಟುವ ಕ್ವೆರಿಯನ್ನು ಇನ್ನೊಬ್ಬರು ಓದಿ ಒಪ್ಪಬೇಕು. ಒಪ್ಪಬೇಕಾದವನು ಪಕ್ಕದ ಮೇಜಿನವನು, ಎಲ್ಲದಕ್ಕೂ ತಕರಾರು ತೆಗೆದು 'ಅಡ್ಡಗಾಲು' ಎಂದು ಹೆಸರಾದವನು. ಓದುತ್ತಾ ಬಂದು ಆ ಗೆರೆಯ ಹತ್ತಿರ ನಿಂತ.

"ಇದೊಂದ್ಯಾಕೆ ಬಿಟ್ರಿ ಅಕ್ಕ? ಯಾರದು?"

ಅವನು ಸಾಲನ್ನು ತೆರೆದು ಹೆಸರು ನೋಡಿದ. ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ.

"ನಾನೇನೂ ನೋಡ್ಲಿಲ್ಲ," ಎಂದು ಒಪ್ಪಿಗೆ ಒತ್ತಿಬಿಟ್ಟ. ಹುಟ್ಟಿದಾಗಿನಿಂದ ಯಾರಿಗೂ ದಾರಿ ಬಿಡದ ಮನುಷ್ಯ! ಅವಳಿಗೆ ಅಳು ಬಂತು.

ಮನೆಗೆ ಬಂದಾಗ ಅಪ್ಪ ಊಟಕ್ಕೆ ಕೂತಿದ್ದರು. ತಟ್ಟೆಯ ಪಕ್ಕ ಫೋನು, ಫೋನಿನಲ್ಲಿ ಅದೇ ಪುಟ. ಅನ್ನ ಕಲಸಿದ್ದು ಕಲಸಿದ ಹಾಗೇ ಇತ್ತು.

"ಮೂರರಿಂದ ಏಳರ ತನಕ ಅಂದ್ರೆ ನಾಲ್ಕು ಗಂಟೆ ಆಯ್ತಲ್ಲಮ್ಮ," ಎಂದರು ಅಪ್ಪ. "ಆಯ್ತಪ್ಪ ಅಂತ ಒಂದು ಮಾತು ಬರೆಯೋಕೆ ಎಷ್ಟೊತ್ತು ಬೇಕು? ಓದಿದ, ಓದಿ ಸುಮ್ನಾದ. ಮನಸ್ಸು ಕಲ್ಲು ಮಾಡ್ಕೊಂಡೇ ಹೋದ ನನ್ನ ಮಗ."

ಅಯ್ಯೋ, ಇಷ್ಟು ದಿನ ಅವರು ಗೊಣಗುತ್ತಿದ್ದದ್ದು ಇದನ್ನೇ? ಯಾವುದನ್ನು ಸಮಾಧಾನವೆಂದು ಕಾಪಾಡಿ ಬಂದಳೋ ಅದೇ ಮುದುಕರನ್ನು ದಿನಾ ಕೊರೆದು ತಿನ್ನುತ್ತಿತ್ತು. ಅವಳು ಚೀಲ ಕೆಳಗಿಟ್ಟು ಅಪ್ಪನ ಎದುರು ಕೂತು ಹಡಗಿನ ಗಡಿಯಾರ, ಕ್ಯಾಪ್ಟನ್, ತಾನು ಬಿಟ್ಟುಬಂದ ಸಾಲು, ಎಲ್ಲವನ್ನೂ ಹೇಳಿದಳು. ಅಪ್ಪ ಒಂದೊಂದನ್ನೂ ಎರಡೆರಡು ಸಲ ಕೇಳಿ ತಿಳಿದುಕೊಂಡರು.

"ಹಾಗಾದ್ರೆ ಅವನು ಬೇಕಂತ ಸುಮ್ನಿದ್ದಿದ್ದಲ್ಲ?"

"ಅಲ್ಲಪ್ಪ. ಅವನ ಕಣ್ಣಿಗೇ ಬಿದ್ದಿಲ್ಲ ಅದು."

"ಬಿದ್ದಿದ್ರೆ ಬರೀತಿದ್ದ."

"ಖಂಡಿತ ಬರೀತಿದ್ದ."

ಅಪ್ಪನ ಮುಖ ಸಡಿಲವಾಯಿತು. ಎಷ್ಟೋ ತಿಂಗಳ ಮೇಲೆ ಆ ಮುಖದಲ್ಲಿ ಜೀವ ಬಂದದ್ದನ್ನು ಅವಳು ನೋಡಿದಳು. ಒಂದು ತುತ್ತು ಎತ್ತಿದರು. ಬಾಯಿಗಿಡುವ ಮುನ್ನ ಕೈ ಅಲ್ಲೇ ನಿಂತಿತು.

"ಮತ್ತೆ ಹಿಂದಿನ ದಿನದ್ದು?" ಎಂದರು. "ಅದನ್ನ ತೆಗೆದು ಓದಿದ್ದು ಅವನೇನಾ?"

ಅವಳು ಆ ಸಾಲನ್ನೂ ನೋಡಿಯೇ ಬಂದಿದ್ದಳು. ಮೊದಲ ಮೆಸೇಜು ಬಂದ ಕೂಡಲೇ ತಮ್ಮ ಅದನ್ನು ತೆರೆದಿದ್ದ. ಎಲ್ಲಿಯ ಗಡಿಯಾರ ಹಿಡಿದು ಲೆಕ್ಕ ಹಾಕಿದರೂ ಅದು ಅಪಘಾತಕ್ಕೆ ಮೊದಲೇ ಇತ್ತು.

"ಅವನೇ, ಅಪ್ಪ," ಎಂದಳು.