ಚೌಕಟ್ಟು ಬಿದ್ದಲ್ಲಿ

ಒಂಬತ್ತನೇ ಸಲವೂ ಅಳಿಯ ಬಯಲಿಗೆ ಬೆನ್ನು ಹಾಕಿ ನಿಂತು, ಕಣ್ಣು ಮುಚ್ಚಿ, ಕಬ್ಬಿಣದ ಚೌಕಟ್ಟನ್ನು ಹೆಗಲ ಮೇಲಿಂದ ಹಿಂದಕ್ಕೆ ಎಸೆದ. ಅದು ಬಿದ್ದ ಕಡೆ ಹೋಗಿ, ಚೌಕದೊಳಗೆ ಎಷ್ಟು ಬಗೆಯ ಹುಲ್ಲಿದೆಯೆಂದು ಎಣಿಸಿ ಬರೆದುಕೊಳ್ಳುವುದು ಸರ್ವೆ ಕಚೇರಿ ಅವನಿಗೆ ಒಪ್ಪಿಸಿದ್ದ ಕೆಲಸ. ಇಂಥ ಹತ್ತು ಎಸೆತಗಳಿಗೆ ಒಂದು ಬಯಲು ಮುಗಿಯುತ್ತಿತ್ತು.

ಅತ್ತೆ ತನ್ನ ಕುರಿಗಳ ನಡುವೆ ಕೋಲೂರಿ ನಿಂತು ಬೆಳಗಿನಿಂದ ಇದನ್ನೇ ನೋಡುತ್ತಿದ್ದಳು. ಮೊದಲ ಮೂರು ಎಸೆತಗಳವರೆಗೆ, ಅಳಿಯನ ಸೊಂಟನೋವಿಗೆ ಡಾಕ್ಟರು ಹೇಳಿಕೊಟ್ಟ ವ್ಯಾಯಾಮ ಇರಬೇಕೆಂದುಕೊಂಡಿದ್ದಳು. ನಾಲ್ಕನೆಯದಕ್ಕೆ ತಡೆಯಲಾರದೆ ಕೇಳಿಬಿಟ್ಟಿದ್ದಳು.

"ಅಲ್ಲಾ ಅಳಿಯಂದಿರೇ, ಮುಂದಕ್ಕೆ ಎಸೆದ್ರೆ ಆಗಲ್ವಾ?"

"ನೋಡ್ಕೊಂಡು ಎಸೆದ್ರೆ ನಮಗೆ ಬೇಕಾದ ಕಡೆ ಎಸೀತೀವಿ, ಅತ್ತೆ. ಅದು ಮೋಸ."

ಕಣ್ಣು ಮುಚ್ಚಿಕೊಂಡು ಮಾಡಿದರೆ ಮೋಸವಲ್ಲ ಎಂಬ ಮಾತನ್ನು ಆಕೆ ಕುರಿಯ ಹಾಗೆ ನಿಧಾನವಾಗಿ ಮೆಲುಕು ಹಾಕಿದ್ದಳು.

ಚೌಕಕ್ಕೆ ಸರಾಸರಿ ಹತ್ತು ಬಗೆ ಸಿಕ್ಕರೆ ನಮೂನೆಯಲ್ಲಿ ‘ಹುಲ್ಲುಗಾವಲು’ ಎಂದು ಬರೆಯಬೇಕು. ಕಡಿಮೆಯಾದರೆ ‘ಖಾಲಿ ಜಾಗ’. ಖಾಲಿ ಜಾಗಕ್ಕೆ ಮುಂದಿನ ತಿಂಗಳೇ ಬೇಲಿ ಬೀಳುತ್ತದೆ, ಸಾಲಾಗಿ ಸಸಿ ನೆಡುತ್ತಾರೆ. ಆಮೇಲೆ ಅತ್ತೆಯ ಎಂಬತ್ತು ಕುರಿಗಳು ಎಲ್ಲಿ ಬಾಯಿ ಹಾಕಬೇಕೆಂಬುದಕ್ಕೆ ನಮೂನೆಯಲ್ಲಿ ಕಾಲಂ ಇರಲಿಲ್ಲ. ಅವನ ಪುಸ್ತಕದಲ್ಲಿ ಈವರೆಗೆ ಇದ್ದದ್ದು ಐದು, ಆರು, ಐದು, ನಾಲ್ಕು, ಆರು, ಐದು, ನಾಲ್ಕು, ಮತ್ತೆ ಆರು. ಆ ಅಂಕಿಗಳು ಅವನಿಗೂ ಹಿತವಾಗಿರಲಿಲ್ಲ. ಆದರೆ ಅತ್ತೆಯ ಬಯಲೆಂದು ಕೈ ಸಡಿಲ ಬಿಟ್ಟ ಎಂದು ನಾಳೆ ಯಾರೂ ಆಡಿಕೊಳ್ಳಬಾರದಲ್ಲ. ಅದಕ್ಕೇ ಎಂದಿಗಿಂತ ಬಿಗಿಯಾಗಿದ್ದ. ಆಕೆಯನ್ನು ಒಂದು ಮಾತೂ ಕೇಳಿರಲಿಲ್ಲ. ಆಕೆಯೂ ದಮ್ಮಯ್ಯ ಅಂದಿರಲಿಲ್ಲ. ಇಬ್ಬರೂ ಬಿಗುಮಾನದಲ್ಲಿ ಒಬ್ಬರಿಗೊಬ್ಬರು ಸಾಟಿ ಎಂದು ಅವನ ಹೆಂಡತಿ ಹೇಳುತ್ತಿದ್ದುದರಲ್ಲಿ ಸುಳ್ಳೇನಿರಲಿಲ್ಲ.

ಒಂಬತ್ತನೇ ಸಲ ಚೌಕಟ್ಟು ಬಿದ್ದ ಸದ್ದು ಕೇಳಿಸಲಿಲ್ಲ. ತಿರುಗಿ ನೋಡಿದರೆ ಗಾಳಿಗೆ ಹುಲ್ಲು ಒಂದು ಸಲ ಆ ಕಡೆ ಮಲಗಿ ಎದ್ದಿತು, ಅಷ್ಟೆ. ಅವನು ಅತ್ತ ಹೋದ, ಇತ್ತ ಬಂದ, ಬೂಟಿನ ತುದಿಯಿಂದ ಕೆದಕಿದ. ಕಾಲು ಗಂಟೆಯಾದರೂ ಚೌಕಟ್ಟಿನ ಪತ್ತೆಯಿಲ್ಲ. ಖಾಲಿ ಜಾಗದಲ್ಲಿ ಸರ್ಕಾರದ ಕಬ್ಬಿಣ ಕಳೆದುಹೋಯಿತೆಂದು ಮೇಲಧಿಕಾರಿಗೆ ಹೇಗೆ ಬರೆಯುವುದೆಂದು ಯೋಚಿಸುತ್ತಿದ್ದಾಗ ಅತ್ತೆ ಬಂದು ಪಕ್ಕದಲ್ಲಿ ನಿಂತಳು.

"ನಿಂತ್ಕೊಂಡು ಹುಡುಕಿದ್ರೆ ಆಕಾಶ ಸಿಗುತ್ತೆ. ಬಗ್ಗಿ."

ಹೊಸ ಪ್ಯಾಂಟು, ಕೊಳೆ ಮಾಡಿಕೊಂಡು ಬಂದರೆ ನೀವೇ ಒಗೆಯಬೇಕೆಂದು ಹೆಂಡತಿ ತಾಕೀತು ಮಾಡಿ ಕಳಿಸಿದ್ದಳು. ಅವನು ಎರಡು ಕ್ಷಣ ಅನುಮಾನಿಸಿ, ಮಂಡಿಯೂರಿದ. ಆಕೆ ಆ ತುದಿಯಿಂದ, ಇವನು ಈ ತುದಿಯಿಂದ, ಕೈಯಲ್ಲಿ ಹುಲ್ಲು ಬಿಡಿಸುತ್ತ ತೆವಳತೊಡಗಿದರು. ಕುರಿಗಳು ಮೇಯುವುದನ್ನು ಬಿಟ್ಟು ಇವರನ್ನೇ ನೋಡಿದವು.

ಮೂಗು ನೆಲದ ಹತ್ತಿರ ಬಂದದ್ದೇ ಬಯಲು ಬೇರೆಯಾಯಿತು. ಮೇಲಿನಿಂದ ಒಂದೇ ಹಸಿರಾಗಿ ಕಂಡಿದ್ದರ ಕೆಳಗೆ ಇನ್ನೊಂದು ಸಣ್ಣದು, ಅದರ ಬುಡದಲ್ಲಿ ನೆಲ ಹಿಡಿದು ಹರಿದ ಮತ್ತೊಂದು. ಒಂದರ ಕಾಂಡ ಗುಂಡಗೆ, ಇನ್ನೊಂದರದು ಚಪ್ಪಟೆ. ಅವನು ಒಂದೆಳೆ ಕಿತ್ತು ಎತ್ತಿ ಹಿಡಿದ.

"ಅತ್ತೆ, ಇದೇನು?"

"ಇಲಿಬಾಲ," ಎಂದಳು ಆಕೆ ತಲೆಯೆತ್ತಿ. ಇನ್ನೊಂದು ತೋರಿಸಿದ. ಅದು ಕಾಲ್ಚೀಲ ಕಚ್ಚೋದು. ಮುಟ್ಟಲು ಮೆತ್ತಗಿದ್ದು ಬೆರಳು ಕೊಯ್ದದ್ದಕ್ಕೆ ನಾದಿನಿ ಎಂದು ಹೆಸರು. ಯಾಕೆಂದು ಅವನು ಕೇಳಲಿಲ್ಲ; ಆಕೆಯ ನಾದಿನಿಯನ್ನು ಮದುವೆಯಲ್ಲಿ ನೋಡಿದ್ದ.

ಆಗ ಮಂಡಿಗೆ ತಣ್ಣಗೆ ಏನೋ ತಾಗಿತು. ಚೌಕಟ್ಟಿನ ಒಂದು ಮೂಲೆ. ಅವನು ಸದ್ದು ಮಾಡದೆ ಪುಸ್ತಕ ತೆಗೆದು, ಚೌಕದೊಳಗೆ ತಲೆ ತೂರಿಸಿ ಎಣಿಸತೊಡಗಿದ. ಏಳು. ಎಂಟು. ಒಣಗಿ ಕೂದಲಿನಂತಾದದ್ದು ಒಂಬತ್ತು.

"ಸಿಕ್ತಾ?" ಆ ತುದಿಯಿಂದ ಅತ್ತೆ ಕೇಳಿದಳು.

"ಹುಡುಕ್ತಾ ಇದೀನಿ," ಎಂದ ಅಳಿಯ. ಹತ್ತಾಯಿತು, ಹನ್ನೊಂದಾಯಿತು. ಹನ್ನೆರಡನೆಯದು ಉಳಿದವುಗಳ ನಡುವೆ ಕಡ್ಡಿಯಂತೆ ನೆಟ್ಟಗೆ ನಿಂತಿತ್ತು. "ಇದಕ್ಕೇನಂತೀರಿ?"

ಆಕೆ ತೆವಳಿಕೊಂಡೇ ಹತ್ತಿರ ಬಂದು ನೋಡಿದಳು. ನಗು ತಡೆಯಲು ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಅದು ವರ್ಷಕ್ಕೊಂದ್ಸಲ ಬರುತ್ತೆ. ಕುರಿ ಮುಟ್ಟಲ್ಲ. ಯಾರಿಗೂ ಬಗ್ಗಲ್ಲ. ಹೆಸರು ಬೇಡ ಬಿಡಿ."

"ಬರ್ಕೋಬೇಕು ಅತ್ತೆ. ಬರೀದಿದ್ರೆ ಮೋಸ."

"ಅಳಿಯ," ಎಂದಳು.

ಅವನು ಅದನ್ನೂ ಬರೆದುಕೊಂಡ. ಆಮೇಲೆ ಪುಸ್ತಕದಲ್ಲಿ, ನಿಂತುಕೊಂಡೇ ಎಣಿಸಿ ಬರೆದಿದ್ದ ಮೇಲಿನ ಎಂಟು ಸಾಲುಗಳನ್ನು ನೋಡಿ, ಜೇಬಿನಿಂದ ರಬ್ಬರು ತೆಗೆದು ಒಂದೊಂದಾಗಿ ಉಜ್ಜಿದ. ಬೆಳಗ್ಗೆ ಮೊದಲನೇ ಎಸೆತ ಬಿದ್ದಲ್ಲಿ ಗುರುತಿಗೆ ನೆಟ್ಟಿದ್ದ ಗೂಟ ದೂರದಲ್ಲಿ ಬೆರಳಷ್ಟು ಕಾಣುತ್ತಿತ್ತು. ಬಿಸಿಲು ಇನ್ನೂ ಇತ್ತು. ಅವನು ಚೌಕಟ್ಟನ್ನು ಕೊರಳಿಗೆ ತೂಗುಹಾಕಿಕೊಂಡು ಅತ್ತ ನಡೆದ, ಪ್ಯಾಂಟಿನ ಮಂಡಿಗಳಲ್ಲಿ ಎರಡು ಹಸಿರು ವೃತ್ತಗಳೊಂದಿಗೆ. ಅತ್ತೆ ಕೋಲು ಎತ್ತಿಕೊಂಡಳು. ಕುರಿಗಳನ್ನು ಅಲ್ಲೇ ಬಿಟ್ಟು ಅವನ ಹಿಂದೆ ಹೊರಟಳು.